ನಿಮ್ಮ ಗ್ರಾನೈಟ್ ಲೇಖನದ ಬಗ್ಗೆ

ನಮಸ್ಕಾರ.

ಲೇಖನ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ಒಂದು ಸಾಲು ಬರೆದು ವಾಪಸ್ ಕಳಿಸುವಂಥದ್ದೂ ಅಲ್ಲ. ಅದಕ್ಕೇ ಈ ಉದ್ದದ ಉತ್ತರ.

ನಿಮ್ಮ ವಾದ ಇಷ್ಟು: ಗ್ರಾನೈಟ್ ಶಿಲಾರಸ ತಣಿದು ಆದ ಕಲ್ಲಲ್ಲ. ನೆಲದಾಳದ ಹಳೆಯ ರೂಪಾಂತರ ಶಿಲೆಗಳಲ್ಲಿ, ಅಂದರೆ ಶಾಖ, ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟ ಕಲ್ಲುಗಳಲ್ಲಿ, ಬಿಸಿ ದ್ರವಗಳು ಹರಿದವು. ಸೋಡಿಯಂ, ಪೊಟ್ಯಾಶಿಯಂ, ಸಿಲಿಕಾ ತಂದವು. ಕಬ್ಬಿಣ, ಮೆಗ್ನೀಶಿಯಂ ಒಯ್ದವು. ಹೀಗೆ ಹಳೆಯ ಕಲ್ಲು ಕರಗದೆಯೇ ಗ್ರಾನೈಟ್ ಆಯಿತು. ಪಠ್ಯಪುಸ್ತಕಗಳು ಇದನ್ನು ಮುಚ್ಚಿಟ್ಟಿವೆ ಅಂತಲೂ ಹೇಳಿದ್ದೀರಿ.

ಯಾರೂ ಮುಚ್ಚಿಟ್ಟಿಲ್ಲ. 1940ರ ದಶಕದಲ್ಲಿ ಭೂವಿಜ್ಞಾನಿಗಳು ಇದೇ ವಿಷಯಕ್ಕೆ ಬಹಿರಂಗವಾಗಿ ಜಗಳವಾಡಿದ್ದಾರೆ. ನಿಮ್ಮ ಪಕ್ಷದಲ್ಲಿ ಬ್ರಿಟನ್ನಿನ ಎಚ್. ಎಚ್. ರೀಡ್ ಮತ್ತು ಡೋರಿಸ್ ರೆನಾಲ್ಡ್ಸ್ ಇದ್ದರು. ಎದುರು ಪಕ್ಷದಲ್ಲಿ ಅಮೆರಿಕದ ಪ್ರಯೋಗಶಾಲೆಯಲ್ಲಿದ್ದ ಎನ್. ಎಲ್. ಬೋವೆನ್. ಈ ಮೂವರಲ್ಲಿ ಒಬ್ಬರ ಹೆಸರೂ ನಿಮ್ಮ ಲೇಖನದಲ್ಲಿಲ್ಲ. ಓದುವವರಿಗೆ ಇದು ನಿಮ್ಮದೇ ಹೊಸ ಶೋಧ ಅನ್ನಿಸುತ್ತದೆ. ಅದು ಸರಿಯಲ್ಲ, ಅಲ್ವಾ?

ಇನ್ನೊಂದು ಬೇಸರ ಏನೆಂದರೆ, ನಿಮ್ಮ ಪಕ್ಷದ ಒಳ್ಳೆಯ ವಾದವನ್ನೇ ನೀವು ಬಿಟ್ಟಿದ್ದೀರಿ. ಗ್ರಾನೈಟ್ ಗಡಿಯಾಚೆಯ ಶಿಸ್ಟ್ ಎಂಬ ಪದರಪದರದ ರೂಪಾಂತರ ಶಿಲೆಯಲ್ಲೂ, ಗ್ರಾನೈಟಿನ ಮುಖ್ಯ ಖನಿಜವಾದ ಫೆಲ್ಡ್‌ಸ್ಪಾರ್‌ನ ದೊಡ್ಡ ಹರಳು ಬೆಳೆದಿರುವುದನ್ನು ಹೇಳಿದ್ದೀರಿ, ಸರಿ. ಆದರೆ ಜಾಗದ ಪ್ರಶ್ನೆ ಎಲ್ಲಿ? ಹತ್ತಾರು ಕಿಲೋಮೀಟರ್ ಅಗಲದ ಗ್ರಾನೈಟ್ ರಾಶಿ ಕೆಳಗಿನಿಂದ ನುಗ್ಗಿ ಬಂದಿದ್ದರೆ, ಮೊದಲು ಅಲ್ಲಿದ್ದ ಕಲ್ಲು ಎಲ್ಲಿಗೆ ಹೋಯಿತು? ಎದುರು ಪಕ್ಷವನ್ನು ನಿಜಕ್ಕೂ ಕಾಡಿದ ಪ್ರಶ್ನೆ ಇದು. ಇದ್ದ ಕಲ್ಲೇ ಗ್ರಾನೈಟ್ ಆಯಿತು ಅಂದರೆ ಪ್ರಶ್ನೆಯೇ ಉಳಿಯುವುದಿಲ್ಲ. ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ತುಂಬಾ ತಡವಾಗಿ. ಶಿಲಾರಸ ಒಂದೇ ಸಲಕ್ಕೆ ಬರುವುದಿಲ್ಲ, ಬಿರುಕುಗಳಲ್ಲಿ ಕಂತುಕಂತಾಗಿ ಏರಿ ಸೇರುತ್ತದೆ. ಕ್ಯಾಲಿಫೋರ್ನಿಯಾದ ಟುವಾಲಮಿ ರಾಶಿ ತುಂಬಲು ಸುಮಾರು 1 ಕೋಟಿ ವರ್ಷ ಹಿಡಿಯಿತು. ಅಷ್ಟು ಸಮಯ ಸಿಕ್ಕರೆ ಸುತ್ತಲಿನ ಕಲ್ಲು ನಿಧಾನವಾಗಿ ಸರಿದು ಜಾಗ ಬಿಡಬಲ್ಲದು.

ಈಗ ನೀವು ಮುಟ್ಟದೇ ಬಿಟ್ಟ ಸಾಕ್ಷ್ಯಗಳು. 1785ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ ಸ್ಕಾಟ್ಲೆಂಡಿನ ಗ್ಲೆನ್ ಟಿಲ್ಟ್‌ನಲ್ಲಿ ನೋಡಿದ್ದು: ಕೆಂಪು ಗ್ರಾನೈಟಿನ ಎಳೆಗಳು ಹಳೆಯ ಕಪ್ಪು ಕಲ್ಲನ್ನು ಸೀಳಿಕೊಂಡು ಹೋಗಿದ್ದವು, ಒಡೆದ ತುಂಡುಗಳು ಗ್ರಾನೈಟಿನೊಳಗೇ ಸಿಕ್ಕಿಕೊಂಡಿದ್ದವು. ಇದ್ದಲ್ಲೇ ಮಾರ್ಪಟ್ಟ ಕಲ್ಲು ಹೀಗೆ ನುಗ್ಗುವುದಿಲ್ಲ. ಇನ್ನು ರಯೊಲೈಟ್ ಲಾವಾ. ಅದರ ರಾಸಾಯನಿಕ ಸಂಯೋಜನೆ ಗ್ರಾನೈಟಿನದ್ದೇ. 2008ರಲ್ಲಿ ಚಿಲಿಯ ಚೈಟೆನ್ ಜ್ವಾಲಾಮುಖಿ ಅದನ್ನು ಉಗುಳಿದ್ದನ್ನು ಜಗತ್ತೇ ನೋಡಿತು. ಗ್ರಾನೈಟ್ ರಸ ಅನ್ನುವುದೇ ಇಲ್ಲ ಎಂದು ಹೇಳುವವರು ಇದಕ್ಕೆ ಉತ್ತರ ಕೊಡಲೇಬೇಕು.

ಜಗಳವನ್ನು ಬಹುಮಟ್ಟಿಗೆ ಮುಗಿಸಿದ್ದು ಮಾತ್ರ ಪ್ರಯೋಗ. ಒ. ಎಫ್. ಟಟಲ್ ಮತ್ತು ಬೋವೆನ್ ಕ್ವಾರ್ಟ್ಸ್ ಮತ್ತು ಎರಡು ಬಗೆಯ ಫೆಲ್ಡ್‌ಸ್ಪಾರ್‌ಗಳ ಮಿಶ್ರಣವನ್ನು ನೀರಿನ ಜೊತೆ ಒತ್ತಡದಲ್ಲಿ ಕಾಯಿಸಿದರು. ಯಾವ ಪ್ರಮಾಣದ ಮಿಶ್ರಣ ಎಲ್ಲಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಕರಗುತ್ತದೋ, ನೂರಾರು ನಿಜವಾದ ಗ್ರಾನೈಟುಗಳ ಸಂಯೋಜನೆ ಅದರ ಸುತ್ತಲೇ ಬಂದು ನಿಂತಿತು. 1958ರಲ್ಲಿ ಪ್ರಕಟವಾದ ಕೆಲಸ ಇದು. ದ್ರವಗಳು ಕಂಡಕಂಡಲ್ಲಿ ಕಲ್ಲು ಬದಲಾಯಿಸಿದ್ದರೆ ಇಷ್ಟು ಗ್ರಾನೈಟುಗಳು ಆ ಒಂದೇ ಸಂಯೋಜನೆಯ ಸುತ್ತ ಯಾಕೆ ಗುಂಪು ಕಟ್ಟಬೇಕು?

ಹಾಗಾದರೆ ನಿಮ್ಮ ಲೇಖನ ಪೂರ್ತಿ ತಪ್ಪೇ? ಅಲ್ಲ. ನಿಜವಾದ ಕತೆ ಇರುವುದೇ ಇಲ್ಲಿ. ಹಳೆಯ ರೂಪಾಂತರ ಶಿಲೆ ಗ್ರಾನೈಟ್ ಆಗುತ್ತದೆ ಅನ್ನುವುದು ಬಹಳ ಕಡೆ ನಿಜ. ದಾರಿ ಮಾತ್ರ ಬೇರೆ, ಅದು ಕರಗುತ್ತದೆ. ಆಳದಲ್ಲಿ ನೀರು ಸಾಕಷ್ಟಿದ್ದರೆ 650ರಿಂದ 700 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದು ಶುರುವಾಗುತ್ತದೆ. ನೀರಿಲ್ಲದಿದ್ದರೆ ಇನ್ನೂ ಜಾಸ್ತಿ ಶಾಖ ಬೇಕು. ಅಂದರೆ ನೀವು ನೆಚ್ಚಿಕೊಂಡ ದ್ರವಕ್ಕೂ ಇಲ್ಲಿ ಪಾತ್ರವಿದೆ. ಅರ್ಧ ಕರಗಿ ನಿಂತ ಕಲ್ಲೇ ಮಿಗ್ಮಟೈಟ್. ಫಿನ್ಲೆಂಡಿನ ಸೆಡರ್‌ಹೋಮ್ 1907ರಲ್ಲಿ ಅದಕ್ಕೆ ಆ ಹೆಸರಿಟ್ಟರು. ಗ್ರಾನೈಟಿನಲ್ಲಿರುವ ಜಿರ್ಕಾನ್ ಎಂಬ ಖನಿಜದ ಪುಟ್ಟ ಹರಳುಗಳನ್ನು ಸೀಳಿ ನೋಡಿದರೆ ಕೆಲವುದರಲ್ಲಿ ಒಳಗಿನ ತಿರುಳು ಹೊರಗಿನ ಸುತ್ತಿಗಿಂತ ಎಷ್ಟೋ ಕೋಟಿ ವರ್ಷ ಹಳೆಯದು. ತಿರುಳು ಕರಗಿಹೋದ ಕಲ್ಲಿನದು, ಸುತ್ತು ಹೊಸ ರಸದಲ್ಲಿ ಬೆಳೆದದ್ದು. ನನ್ನನ್ನು ಕೇಳಿದರೆ ಲೇಖನ ಈ ಹರಳಿನಿಂದಲೇ ಶುರುವಾಗಬೇಕು.

ಬಿಸಿ ದ್ರವ ಕಲ್ಲನ್ನು ಬದಲಾಯಿಸುವುದೂ ಸುಳ್ಳಲ್ಲ. ಗ್ರಾನೈಟಿನಿಂದ ಹೊರಟ ದ್ರವ ಪಕ್ಕದ ಸುಣ್ಣಕಲ್ಲನ್ನು ಸ್ಕಾರ್ನ್ ಎಂಬ ಬೇರೆಯೇ ಖನಿಜಗಳ ಕಲ್ಲಾಗಿ ಮಾಡುತ್ತದೆ. ತವರ, ಟಂಗ್‌ಸ್ಟನ್ ಅದಿರು ಸೇರುವುದೂ ಎಷ್ಟೋ ಸಲ ಹೀಗೆಯೇ. ಇದಕ್ಕೆ ಒಂದು ಪ್ಯಾರಾ ಸಾಕು.

ಭಾಷೆಯ ಬಗ್ಗೆ ಎರಡೇ ಮಾತು. ಮೊದಲ ಎರಡು ಪುಟಗಳ ‘ಪ್ರಕೃತಿಯ ನಿಗೂಢ’ ಪೂರ್ತಿ ತೆಗೆಯಿರಿ. ‘ರಾಸಾಯನಿಕ ಬದಲಾವಣೆ’ ಅಂತ ಬರೆದ ಕಡೆಯಲ್ಲೆಲ್ಲ ಯಾವ ಧಾತು ಬಂತು, ಯಾವುದು ಹೋಯಿತು, ಎಷ್ಟು ದೂರ ಅಂತ ಹೇಳಿ. ದೂರ ಮುಖ್ಯ: ಗಟ್ಟಿ ಹರಳುಗಳ ಮೂಲಕ ಪರಮಾಣುಗಳು ಸಾಗುವುದು ಎಷ್ಟು ನಿಧಾನವೆಂದರೆ ಬೆಟ್ಟದಷ್ಟು ಕಲ್ಲನ್ನು ಅದರಿಂದ ಬದಲಾಯಿಸಲು ಆಗುವುದಿಲ್ಲ.

ರೀಡ್ ಮತ್ತು ಬೋವೆನ್ ಇಬ್ಬರನ್ನೂ ಒಳಗೆ ತಂದು ಮತ್ತೆ ಬರೆಯಿರಿ. ಈಗಿನ ಉದ್ದದ ಅರ್ಧ ಸಾಕು. ಮಿಗ್ಮಟೈಟಿನ ಒಂದು ಸ್ಪಷ್ಟ ಫೋಟೋ ಸಿಕ್ಕರೆ ಜೊತೆಗೆ ಕಳಿಸಿ, ಪಕ್ಕದಲ್ಲಿ ಅಳತೆಗೆ ಒಂದು ಪೆನ್ನು ಇಟ್ಟು ತೆಗೆದದ್ದು.

— ಸಂಪಾದಕ