ವಿಂಡೋಸ್ ಪಕ್ಕದಲ್ಲೇ ಆರ್ಚ್ ಲಿನಕ್ಸ್ (ಬೇಕಾದ ಭಾಗಗಳನ್ನು ನಾವೇ ಆರಿಸಿಕೊಳ್ಳುವ ಆಪರೇಟಿಂಗ್ ಸಿಸ್ಟಂ) ಅನ್ನು ಕೈಯಾರೆ, ಒಂದೊಂದೇ ಆಜ್ಞೆ ಟೈಪ್ ಮಾಡಿ, ಹಾಕಿಕೊಳ್ಳಬಹುದೇ? ಯಾವ ಡೆಸ್ಕ್‌ಟಾಪ್ (ಪರದೆಯ ಮೇಲೆ ಮೆನು, ಕಿಟಕಿಗಳನ್ನು ತೋರಿಸುವ ತಂತ್ರಾಂಶ) ಹಗುರ?

4 ಜಿಬಿ ಮೆಮೊರಿಯ ಲ್ಯಾಪ್‌ಟಾಪ್, ತಂಗಿಯ ಕಾಲೇಜಿನ ಕಡತಗಳೂ ಅದರಲ್ಲೇ ಇವೆ, ಶನಿವಾರ ಭಾನುವಾರ ಕೂತು ಮುಗಿಸುವ ಯೋಚನೆ ಎಂದು ಬರೆದಿದ್ದೀರಿ. ತಂಗಿ ಎಂಬಲ್ಲಿ ಅಪ್ಪಯ್ಯ ಎಂದು ಹಾಕಿದರೆ ಅದು 2020ರ ಏಪ್ರಿಲ್‌ನ ನಾನೇ.

ಲಾಕ್‌ಡೌನ್ ಎಂದು ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದು ಕೂತಿದ್ದೆ. ಕಚೇರಿಯ ಲ್ಯಾಪ್‌ಟಾಪ್ ಮುಟ್ಟುವಂತಿರಲಿಲ್ಲ. ಉಳಿದದ್ದು ಅಪ್ಪಯ್ಯನದು. ಅವರು ಅದರಲ್ಲಿ ಮಾಡುತ್ತಿದ್ದುದು ಎರಡೇ ಕೆಲಸ: ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಪತ್ರ ಟೈಪ್ ಮಾಡುವುದು, ಎಕ್ಸೆಲ್‌ನಲ್ಲಿ ಅಡಿಕೆಯ ಲೆಕ್ಕ ಇಡುವುದು. ಯಾವ ವರ್ಷ ಎಷ್ಟು ರಾಶಿ, ಎಷ್ಟು ಬೆಟ್ಟೆ, ಅಡಿಕೆ ಗೊನೆ ಇಳಿಸುವ ಕೊನೆಗಾರನಿಗೆ ಕೊಟ್ಟ ಮುಂಗಡವೆಷ್ಟು, ಮಂಡಿಯಿಂದ ಬರಬೇಕಾದ ಬಾಕಿಯೆಷ್ಟು, ಹೀಗೆ ಆರು ವರ್ಷದ್ದು. "ಸ್ವಲ್ಪ ನಿಧಾನವಾಗಿದೆ, ಸರಿ ಮಾಡಿಕೊಡುತ್ತೇನೆ" ಎಂದು ಕೇಳಿ ತೆಗೆದುಕೊಂಡೆ. ಅವರು ಹೂಂ ಎಂದರು.

ವಿಂಡೋಸ್‌ನ ಒಳಗಿಂದಲೇ ಸಿ ಡ್ರೈವನ್ನು ಕುಗ್ಗಿಸಿ 60 ಜಿಬಿ ಜಾಗ ಖಾಲಿ ಮಾಡಿದೆ. ಆರ್ಚ್ ಹಾಕಲು ಇಂಟರ್‌ನೆಟ್ ಬೇಕೇ ಬೇಕು, ಪ್ಯಾಕೇಜುಗಳೆಲ್ಲ (ವ್ಯವಸ್ಥೆಯ ಬಿಡಿ ತಂತ್ರಾಂಶಗಳು) ಆಗಲೇ ಇಳಿದು ಬರಬೇಕು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಕಿಟಕಿಯ ಹತ್ತಿರ ಮಾತ್ರ. ಫೋನನ್ನು ಕೈಚೀಲದಲ್ಲಿ ಹಾಕಿ ಕಿಟಕಿಯ ಸರಳಿಗೆ ಕಟ್ಟಿ, ಯುಎಸ್‌ಬಿ ತಂತಿ ಎಳೆದು, ಕೆಳಗೆ ಚಾಪೆಯ ಮೇಲೆ ಕೂತೆ. ಮುಂದಿದ್ದುದು 2018ರ ಒಂದು ವಿಡಿಯೊ, ಮೊದಲೇ ಇಳಿಸಿಕೊಂಡದ್ದು. ಅದನ್ನು ಎರಡನೇ ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ, ಅದರಲ್ಲಿದ್ದುದನ್ನು ಇಲ್ಲಿ ಟೈಪ್ ಮಾಡುತ್ತ ಹೋದೆ.

ಈಗ ತಪ್ಪಿಗೆ ಬರುತ್ತೇನೆ. ಇದನ್ನು ಬಿಡಿಸಿಯೇ ಹೇಳಬೇಕು, ಬೇಸರವಾದರೂ ಓದಿ.

ಆ ವಿಡಿಯೊದವನು ಖಾಲಿ ಡಿಸ್ಕ್ ಇರುವ ವರ್ಚುವಲ್ ಯಂತ್ರದಲ್ಲಿ, ಅಂದರೆ ತಂತ್ರಾಂಶದೊಳಗೆ ಓಡುವ ಹುಸಿ ಕಂಪ್ಯೂಟರಿನಲ್ಲಿ, ತೋರಿಸುತ್ತಿದ್ದ. ಹೊಸ ಇಎಫ್ಐ ಪಾರ್ಟಿಶನ್ (ಯಂತ್ರ ಶುರುವಾಗಲು ಬೇಕಾದ ಕಡತಗಳಿಗೆ ಡಿಸ್ಕಿನಲ್ಲಿ ಮೀಸಲಿಟ್ಟ ಸಣ್ಣ ಭಾಗ) ಮಾಡಿ, ಅದನ್ನು ಎಂಕೆಎಫ್ಎಸ್-ಫ್ಯಾಟ್ ಆಜ್ಞೆಯಿಂದ ಫಾರ್ಮ್ಯಾಟ್ ಮಾಡಿದ. ಹೊಸದಾದ್ದರಿಂದ ಅವನ ಮಟ್ಟಿಗೆ ಅದು ಸರಿ. ನನ್ನ ಡಿಸ್ಕಿನಲ್ಲಿ ಇಎಫ್ಐ ಪಾರ್ಟಿಶನ್ ಆಗಲೇ ಇತ್ತು, ವಿಂಡೋಸ್ 10 ಮಾಡಿಟ್ಟ 100 ಎಂಬಿಯದ್ದು. ಅವನದು ಒಂದನೆಯದು, ನನ್ನದು ಎರಡನೆಯದು. ಸಂಖ್ಯೆ ಬದಲಿಸಿ ಸರಿಯಾಗಿ ಟೈಪ್ ಮಾಡಿದೆನೆಂಬ ಹೆಮ್ಮೆ ಬೇರೆ! ಆಜ್ಞೆ ಏನನ್ನೂ ಕೇಳಲಿಲ್ಲ. ತನ್ನ ಹೆಸರು, 4.1 ಎಂಬ ಆವೃತ್ತಿ, ಒಂದು ತಾರೀಖು, ಇಷ್ಟನ್ನು ಒಂದೇ ಸಾಲಿನಲ್ಲಿ ತೋರಿಸಿ ಸುಮ್ಮನಾಯಿತು.

ಆ 100 ಎಂಬಿಯಲ್ಲಿ ಅಪ್ಪಯ್ಯನ ಒಂದು ಅಕ್ಷರವೂ ಇರಲಿಲ್ಲ. ಅಲ್ಲಿರುವುದು ಬೂಟ್‌ಲೋಡರ್‌ಗಳು. ಯಂತ್ರ ಶುರುವಾದಾಗ "ವಿಂಡೋಸ್ ಈ ಕಡೆ" ಎಂದು ತೋರಿಸುವ ಕೈಮರ ಅಂದುಕೊಳ್ಳಿ. ಒಂದೇ ಕೈಮರದಲ್ಲಿ ಎರಡು ಊರಿನ ಹಲಗೆ ಇರಬಹುದು. ಹಾಗಾಗಿ ಇರುವ ಇಎಫ್ಐ ಪಾರ್ಟಿಶನ್ ಅನ್ನು ಫಾರ್ಮ್ಯಾಟ್ ಮಾಡದೆ ಮೌಂಟ್ ಮಾಡಿಕೊಂಡರೆ, ಅಂದರೆ ಇದ್ದ ಹಾಗೇ ಜೋಡಿಸಿಕೊಂಡರೆ, ಸಾಕಿತ್ತು. ನಾನು ಕೈಮರವನ್ನೇ ಕಿತ್ತೆ.

ವಿಡಿಯೊ ಹಳೆಯದೆಂಬುದು ಎರಡನೇ ಪೆಟ್ಟು. ಅದರಲ್ಲಿ ಪ್ಯಾಕೇಜುಗಳನ್ನು ಡಿಸ್ಕಿಗೆ ಹಾಕುವ ಪ್ಯಾಕ್‌ಸ್ಟ್ರ್ಯಾಪ್ ಆಜ್ಞೆಗೆ 'ಬೇಸ್' (ಮೂಲ ಪ್ಯಾಕೇಜುಗಳ ಕಟ್ಟು) ಎಂದಷ್ಟೇ ಕೊಟ್ಟಿದ್ದರು. 2019ರ ಅಕ್ಟೋಬರ್‌ನಲ್ಲಿ ಆರ್ಚ್‌ನವರು ಬೇಸ್ ಅನ್ನು ಬದಲಿಸಿ ವ್ಯವಸ್ಥೆಯ ತಿರುಳಾದ ಕರ್ನೆಲ್ ಅನ್ನು ಅದರಿಂದ ಹೊರಗಿಟ್ಟಿದ್ದರು. 'ಲಿನಕ್ಸ್', 'ಲಿನಕ್ಸ್-ಫರ್ಮ್‌ವೇರ್' ಎಂದು ಬೇರೆಯಾಗಿ ಕೇಳಬೇಕು. ನಾನು ಕೇಳಿರಲಿಲ್ಲ. ರೀಬೂಟ್ ಮಾಡಿದರೆ ಗ್ರಬ್ ಎಂಬ ಬೂಟ್‌ಲೋಡರ್‌ನ ಪಟ್ಟಿಯಲ್ಲಿ ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ. ರಾತ್ರಿ ಎರಡು ಗಂಟೆ. ಒಳಗೆ ಅಪ್ಪಯ್ಯ ಕೆಮ್ಮಿದ ಸದ್ದು ಕೇಳಿ ಲ್ಯಾಪ್‌ಟಾಪ್ ಮುಚ್ಚಿ ಕತ್ತಲಲ್ಲಿ ಕೂತಿದ್ದೆ.

ಇಲ್ಲಿಯವರೆಗೂ ಎಲ್ಲವೂ ಸರಿಹೋಗುವಂಥದ್ದೇ. ವಿಂಡೋಸ್‌ನ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಶುರು ಮಾಡಿ, ಶಿಫ್ಟ್ ಎಫ್10 ಒತ್ತಿ, ಡಿಸ್ಕ್‌ಪಾರ್ಟ್ ಆಜ್ಞೆಯಲ್ಲಿ ಆ ಸಣ್ಣ ಪಾರ್ಟಿಶನ್‌ಗೆ ಸಿ, ಡಿ ಎಂಬಂತೆ ಒಂದು ಡ್ರೈವ್ ಅಕ್ಷರ ಕೊಟ್ಟು, ಬೂಟ್ ಕಡತಗಳನ್ನು ಮತ್ತೆ ಬರೆಯುವ ಬಿಸಿಡಿಬೂಟ್ ಓಡಿಸಿದ್ದರೆ ಕೈಮರ ಮತ್ತೆ ನಿಲ್ಲುತ್ತಿತ್ತು. ಕರ್ನೆಲ್ ಹಾಕುವುದು ಅದಕ್ಕಿಂತ ಸುಲಭ: ಲೈವ್ ಯುಎಸ್‌ಬಿಯಿಂದ ಆರ್ಚ್-ಕ್ರೂಟ್ ಮಾಡಿ ಹಾಕಿದ ವ್ಯವಸ್ಥೆಯೊಳಗೆ ಹೋಗಿ, ಪ್ಯಾಕೇಜು ಹಾಕಲು ಒಂದು ಪ್ಯಾಕ್‌ಮ್ಯಾನ್, ಗ್ರಬ್‌ನ ಪಟ್ಟಿ ಮತ್ತೆ ಮಾಡಲು ಒಂದು ಗ್ರಬ್-ಎಂಕೆಕಾನ್ಫಿಗ್. ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಕೈಮರ ಕಾಣದೆ ಊರೇ ಹೋಯಿತೆಂದು ತೀರ್ಮಾನಿಸಿದೆ. ಹೋದದ್ದು ಹೋಯಿತು, ಇನ್ನು ಡಿಸ್ಕನ್ನೆಲ್ಲ ಲಿನಕ್ಸ್‌ಗೇ ಕೊಟ್ಟು ಬೆಳಗಾಗುವುದರೊಳಗೆ ಏನಾದರೊಂದು ಓಡುವಂತೆ ಮಾಡೋಣ ಎಂದು ಸಿ ಡ್ರೈವ್ ಇದ್ದ ನಾಲ್ಕನೇ ಪಾರ್ಟಿಶನ್‌ಗೆ ಎಂಕೆಎಫ್ಎಸ್-ಎಕ್ಸ್ಟ್4, ಅಂದರೆ ಲಿನಕ್ಸ್‌ನ ರೀತಿಯಲ್ಲಿ ಫಾರ್ಮ್ಯಾಟ್ ಮಾಡುವ ಆಜ್ಞೆ, ಕೊಟ್ಟೆ. ಅದು ಫ್ಯಾಟ್‌ನಂತೆ ಸುಮ್ಮನಿರಲಿಲ್ಲ. ಇಲ್ಲಿ ಎನ್‌ಟಿಎಫ್ಎಸ್ (ಅಂದರೆ ವಿಂಡೋಸ್‌ನ) ಕಡತವ್ಯವಸ್ಥೆ ಇದೆ, ಆದರೂ ಮುಂದುವರಿಯಬೇಕೇ ಎಂದು ಕೇಳಿತು. ಅಂದರೆ ಅಪ್ಪಯ್ಯನ ಕಡತಗಳು ಇದ್ದಲ್ಲೇ ಇವೆ ಎಂದು ಯಂತ್ರವೇ ಬಾಯಿಬಿಟ್ಟು ಹೇಳಿತು. ನಾನು ವೈ ಒತ್ತಿದೆ.

ಅಲ್ಲಿಗೂ ಕೈಮೀರಿರಲಿಲ್ಲ ಎಂಬುದು ತಿಂಗಳುಗಳ ನಂತರ ತಿಳಿಯಿತು. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಫಾರ್ಮ್ಯಾಟ್ ಮಾಡಿದ ತಕ್ಷಣ ಎಲ್ಲವೂ ಅಳಿಯುವುದಿಲ್ಲ. ಅಲ್ಲೇ ಕೈ ತೆಗೆದು, ಬೇರೆ ಯಂತ್ರಕ್ಕೆ ಜೋಡಿಸಿ, ಅಳಿದ ಕಡತಗಳನ್ನು ಹುಡುಕಿಕೊಡುವ ಫೋಟೊರೆಕ್ ಓಡಿಸಿದ್ದರೆ ಅಷ್ಟಿಷ್ಟು ಸಿಗುತ್ತಿತ್ತೇನೋ. ನಾನು ಅದರ ಮೇಲೆ ಇಡೀ ವ್ಯವಸ್ಥೆಯನ್ನೇ ಬರೆದು, ಎರಡು ತಿಂಗಳು ಬಳಸಿಯೂ ಬಿಟ್ಟಿದ್ದೆ. ನಿಮ್ಮದು ಎಸ್‌ಎಸ್‌ಡಿ ಆಗಿದ್ದರೆ ಆ ಆಸೆಯನ್ನೂ ಇಟ್ಟುಕೊಳ್ಳಬೇಡಿ. ಎಕ್ಸ್ಟ್4 ಫಾರ್ಮ್ಯಾಟ್ ಮಾಡುವಾಗಲೇ ಹಳೆಯ ಜಾಗವನ್ನೆಲ್ಲ ಬಿಟ್ಟುಬಿಡುವಂತೆ ಡಿಸ್ಕಿಗೆ ಹೇಳಿಬಿಡುತ್ತದೆ.

ಅಪ್ಪಯ್ಯ ಬೈಯಲಿಲ್ಲ. ಎರಡು ದಿನ ಬಿಟ್ಟು, "ಆ ಕೊನೆಗಾರನಿಗೆ ಕೊಟ್ಟಿದ್ದು ಎಂಟು ಸಾವಿರವೋ ಹತ್ತೋ, ನಿನಗೇನಾದರೂ ನೆನಪಿದೆಯೇನೋ?" ಎಂದು ಕೇಳಿದರು. ಈಗ ಲೆಕ್ಕವನ್ನು ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಬರೆಯುತ್ತಾರೆ.

ನಿಮ್ಮ ಪ್ರಶ್ನೆಗೆ ಬರೋಣ. ನಮ್ಮ ಆಯ್ಕೆ ಕೇಳಿ ಉಳಿದದ್ದನ್ನು ತಾನೇ ಹಾಕಿಕೊಡುವ ಆರ್ಚ್‌ಇನ್‌ಸ್ಟಾಲ್ ಬಳಸಿದರೆ ಕಲಿತಂತಾಗುವುದಿಲ್ಲವಲ್ಲ ಎಂದಿದ್ದೀರಿ. ಆ ಸಾಧನ ಆರ್ಚ್‌ನ ಐಎಸ್ಒದೊಳಗೆ (ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಕಡತದೊಳಗೆ) ಬಂದದ್ದು 2021ರ ಏಪ್ರಿಲ್‌ನಲ್ಲಿ, ನನ್ನ ಅವಾಂತರ ಮುಗಿದ ವರ್ಷದ ಮೇಲೆ. ಆದರೆ ಆ ರಾತ್ರಿ ಇಪ್ಪತ್ತಕ್ಕೂ ಹೆಚ್ಚು ಆಜ್ಞೆಗಳನ್ನು ಕೈಯಾರೆ ಟೈಪ್ ಮಾಡಿ ನಾನು ಕಲಿತದ್ದು ಸೊನ್ನೆ. ನೋಡಿ ಬರೆಯುವುದಕ್ಕೆ ನಮ್ಮ ಶಾಲೆಯಲ್ಲಿ ಕಾಪಿ ಎನ್ನುತ್ತಿದ್ದರು. ಕೈಯಾರೆ ಹಾಕಿದರೆ ವ್ಯವಸ್ಥೆ ಹಗುರವಾಗುತ್ತದೆ ಎಂಬುದೂ ಸುಳ್ಳು, ಎರಡರಲ್ಲೂ ಬಂದು ಕೂರುವುದು ಅದೇ ಪ್ಯಾಕೇಜುಗಳು. ಕೈಯಾರೆ ಮಾಡುವ ಹಟವಿದ್ದರೆ ವರ್ಚುವಲ್‌ಬಾಕ್ಸ್‌ನಲ್ಲಿ ಇಎಫ್ಐ ಆಯ್ಕೆ ಹಾಕಿಕೊಂಡು ಮೂರು ಸಲ ಮಾಡಿ, ಮೂರನೆಯ ಸಲ ಬೇಕೆಂದೇ ಇಎಫ್ಐ ಪಾರ್ಟಿಶನ್ ಅಳಿಸಿ ಮತ್ತೆ ಸರಿ ಮಾಡಿ.

ವಿಂಡೋಸ್ ಪಕ್ಕದಲ್ಲಿ? ಬೇಡ. ತಂಗಿಯ ಕಡತಗಳಿರುವ ಡಿಸ್ಕಿನಲ್ಲಂತೂ ಬೇಡವೇ ಬೇಡ. ಸಣ್ಣದೊಂದು ಎಸ್‌ಎಸ್‌ಡಿ ಕೊಂಡು, ಈಗಿರುವ ಡಿಸ್ಕನ್ನು ಸ್ಕ್ರೂ ಬಿಚ್ಚಿ ತೆಗೆದು ತಂಗಿಯ ಕೈಗೇ ಕೊಡಿ.

ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ ಹಾಕಿ, ಚರ್ಚೆ ಬೇಡ. 4 ಜಿಬಿಯನ್ನು ನುಂಗುವುದು ಬ್ರೌಸರ್, ಡೆಸ್ಕ್‌ಟಾಪ್ ಅಲ್ಲ. ನೆಟ್‌ವರ್ಕ್‌ಮ್ಯಾನೇಜರ್ ಅನ್ನು ರೀಬೂಟ್‌ಗೆ ಮೊದಲೇ ಹಾಕಿ ಎನೇಬಲ್ ಮಾಡಿ, ಇಲ್ಲದಿದ್ದರೆ ಹೊಸ ವ್ಯವಸ್ಥೆಯೊಳಗೆ ವೈಫೈ ಇಲ್ಲದೆ ಕೂರುತ್ತೀರಿ. ನೋಟೊ ಫಾಂಟುಗಳನ್ನು ಮರೆತರೆ ಕನ್ನಡವೆಲ್ಲ ಚೌಕ ಚೌಕವಾಗಿ ಕಾಣುತ್ತದೆ. ನುಡಿಯ ಕೀಲಿಮಣೆ ರೂಢಿಯಿದ್ದರೆ ಎಕ್ಸ್‌ಎಫ್‌ಸಿಇ ಕೀಲಿಮಣೆ ಪಟ್ಟಿಯಲ್ಲಿ ಕಗಪ ವಿನ್ಯಾಸ ಸಿಗುತ್ತದೆ.

ಇಷ್ಟು ಹೇಳಿದರೂ ಅದೇ ಡಿಸ್ಕಿನಲ್ಲಿ ಮಾಡುತ್ತೀರಿ ಎಂದು ನನಗೆ ಗೊತ್ತು. ಹಾಗಿದ್ದರೆ ಎಂಕೆಎಫ್ಎಸ್ ಎಂದು ಶುರುವಾಗುವ ಯಾವುದನ್ನೇ ಟೈಪ್ ಮಾಡುವ ಮೊದಲು ಯಾವ ಪಾರ್ಟಿಶನ್‌ನಲ್ಲಿ ಯಾವ ಕಡತವ್ಯವಸ್ಥೆ ಇದೆ ಎಂದು ತೋರಿಸುವ ಎಲ್‌ಎಸ್‌ಬಿಎಲ್‌ಕೆ ಆಜ್ಞೆಗೆ ಎಫ್ ಸೇರಿಸಿ (lsblk -f) ಓಡಿಸಿ, ಪರದೆಯ ಫೋಟೊ ತೆಗೆದು ಇಲ್ಲೇ ಕೆಳಗೆ ಹಾಕಿ. ರಾತ್ರಿ ಎರಡಾದರೂ ನೋಡುತ್ತೇನೆ.