ಕಡತ ನೋಡಿ ಅಂಕ ಕೊಟ್ಟರೆ ಪಕ್ಷಪಾತವಾಗುವುದಿಲ್ಲವೇ?

ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡುವುದನ್ನು ಬಿಟ್ಟು, ವರ್ಷವಿಡೀ ಮಾಡಿದ ಕೆಲಸದ ಕಡತವನ್ನು ನೋಡಿ ಅಂಕ ಕೊಟ್ಟರೆ ಶಿಕ್ಷಕರ ಇಷ್ಟಾನಿಷ್ಟಗಳೇ ಮೇಲುಗೈ ಪಡೆಯುವುದಿಲ್ಲವೇ ಎಂದು ತಾವು ಕೇಳಿದ್ದೀರಿ. ಈ ಆತಂಕ ನಿರಾಧಾರವಲ್ಲ. ಅಮೆರಿಕದ ವರ್ಮಾಂಟ್ ರಾಜ್ಯವು 1990ರ ದಶಕದ ಆರಂಭದಲ್ಲಿ ಬರವಣಿಗೆ ಮತ್ತು ಗಣಿತದಲ್ಲಿ ಇಂಥ ಕಡತಗಳನ್ನು ಬಳಸಿದಾಗ, ಒಂದೇ ಕಡತಕ್ಕೆ ಇಬ್ಬರು ಮೌಲ್ಯಮಾಪಕರು ಕೊಟ್ಟ ಅಂಕಗಳು ಅನೇಕ ಬಾರಿ ತಾಳೆಯಾಗಲಿಲ್ಲ.

ಆದರೆ ದೋಷವಿರುವುದು ಕಡತದಲ್ಲಿ ಅಲ್ಲ, ಅಳತೆಗೋಲಿನಲ್ಲಿ ಎಂಬುದು ನನ್ನ ಅಭಿಪ್ರಾಯ. ‘ಉತ್ತಮ ವಿವರಣೆ’ ಎಂದಷ್ಟೇ ಬರೆದರೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ಅದರ ಬದಲು ‘ಭಿನ್ನರಾಶಿಗಳನ್ನು ಕೂಡುವ ಮೊದಲು ಛೇದಗಳನ್ನು ಏಕೆ ಸಮ ಮಾಡಬೇಕೆಂಬುದನ್ನು ಚಿತ್ರ ಬಿಡಿಸಿ ತೋರಿಸಿದ್ದಾರೆಯೇ’ ಎಂದು ನಮೂದಿಸಿ, ನಾಲ್ಕೈದು ಉತ್ತರಗಳನ್ನು ಶಿಕ್ಷಕರೆಲ್ಲ ಒಟ್ಟಿಗೆ ಕುಳಿತು ತಿದ್ದಿ, ಅಂಕ ಬೇರೆಯಾದ ಕಡೆ ಕಾರಣವನ್ನು ಚರ್ಚಿಸಿದರೆ ಅಂತರ ತಗ್ಗುತ್ತದೆ. ಹೆಸರು ಮುಚ್ಚಿ, ಬೇರೆ ತರಗತಿಯ ಶಿಕ್ಷಕರಿಂದ ಎರಡನೆಯ ಬಾರಿ ತಿದ್ದಿಸಲೂಬಹುದು. ಇದಕ್ಕೆ ಹಿಡಿಯುವ ಸಮಯವೇನೂ ಕಡಿಮೆಯಲ್ಲ (ಶಾಲೆಗಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ).

ಇನ್ನು ಶಾಲೆಗಳ ಒಟ್ಟಾರೆ ಸ್ಥಿತಿ ತಿಳಿಯಲು ಪ್ರತಿ ವಿದ್ಯಾರ್ಥಿಯನ್ನೂ ಪರೀಕ್ಷೆಗೆ ಕೂರಿಸಬೇಕಾಗಿಲ್ಲ. ಫಿನ್ಲೆಂಡ್‌ನಲ್ಲಿ ಮೊದಲ 9 ವರ್ಷಗಳ ಶಿಕ್ಷಣದಲ್ಲಿ ಅಂಕ ಕೊಡುವವರು ಶಿಕ್ಷಕರೇ; ದೇಶದ ಕಲಿಕೆಯ ಮಟ್ಟವನ್ನು ಆಯ್ದ ಕೆಲವು ಶಾಲೆಗಳಲ್ಲಿ ನಡೆಸುವ ಪರೀಕ್ಷೆಯಿಂದ ಅಂದಾಜು ಮಾಡಲಾಗುತ್ತದೆ.