ಅಕ್ಷಾಂಶ ವೃತ್ತಗಳೆಲ್ಲ ಒಂದೇ ಅಳತೆಯವಾ?

ಗೋಡೆಗೆ ಹಾಕುವ ಭೂಪಟದಲ್ಲಿ ಅಡ್ಡಗೆರೆಗಳೆಲ್ಲ, ಅಂದರೆ ಅಕ್ಷಾಂಶ ವೃತ್ತಗಳು, ಒಂದೇ ಉದ್ದ ಕಾಣುತ್ತವೆ, ನಿಜವಾದ ಭೂಮಿಯ ಮೇಲೂ ಹಾಗೇನಾ ಅಂತ ಕೇಳಿದ್ದೀರಿ. ಇಲ್ಲ. ಚಪ್ಪಟೆ ಹಾಳೆಗೆ ಹೊಂದಿಸಲು ಅವುಗಳನ್ನು ಎಳೆದು ಉದ್ದ ಮಾಡಿರುತ್ತಾರೆ, ಅಷ್ಟೇ.

ಒಂದು ಚೆಂಡಿಗೆ ರಬ್ಬರ್ ಬ್ಯಾಂಡ್ ಹಾಕಿ ನೋಡಿ. ಸರಿಯಾಗಿ ನಡುವೆ ಇದ್ದರೆ ನಿಲ್ಲುತ್ತದೆ. ಸ್ವಲ್ಪ ಮೇಲೆ ಸರಿಸಿದರೆ ಜಾರುತ್ತಾ ಹೋಗಿ ತುದಿಯಿಂದ ಕಳಚಿ ಬೀಳುತ್ತದೆ. ಯಾಕೆ? ನಡುವಿನ ಸುತ್ತೇ ಎಲ್ಲಕ್ಕಿಂತ ದೊಡ್ಡದು, ಮೇಲೆ ಹೋದಂತೆ ಸುತ್ತು ಕಿರಿದಾಗುತ್ತದೆ. ಭೂಮಿಯ ನಡುವಿನ ಆ ಸುತ್ತೇ ಸಮಭಾಜಕ ವೃತ್ತ, 0 ಡಿಗ್ರಿ. ಅದರ ಉದ್ದ ಸುಮಾರು 40,075 ಕಿ.ಮೀ. ಧ್ರುವದಲ್ಲಿ, ಅಂದರೆ 90 ಡಿಗ್ರಿಯಲ್ಲಿ, ವೃತ್ತವೇ ಇಲ್ಲ, ಬರೀ ಒಂದು ಚುಕ್ಕೆ.

ಹಾಗಾದರೆ ಅರ್ಧದಾರಿಯ 45 ಡಿಗ್ರಿಯಲ್ಲಿ ಸುತ್ತಳತೆಯೂ ಅರ್ಧ ಇರಬೇಕಲ್ವಾ? ತುಂಬಾ ಜನ ಎಡವುವುದು ಇಲ್ಲೇ. ಅಲ್ಲಿ ಇನ್ನೂ 28,000 ಕಿ.ಮೀ.ಗಿಂತ ಜಾಸ್ತಿ ಇರುತ್ತದೆ. ಅರ್ಧಕ್ಕೆ ಇಳಿಯುವುದು 60 ಡಿಗ್ರಿಯಲ್ಲಿ, ಸುಮಾರು 20,000 ಕಿ.ಮೀ. ಸಮಭಾಜಕದ ಹತ್ತಿರ ಚೆಂಡಿನ ಮೈ ಒಳಕ್ಕೆ ಹೆಚ್ಚು ವಾಲಿರುವುದಿಲ್ಲ, ಹಾಗಾಗಿ ಸುತ್ತು ನಿಧಾನವಾಗಿ ಕಿರಿದಾಗುತ್ತದೆ. ಧ್ರುವದ ಕಡೆ ಹೋದಂತೆ ಬೇಗಬೇಗ ಕುಗ್ಗುತ್ತದೆ. ಲೆಕ್ಕ ಬೇಕಿದ್ದರೆ ಆ ಅಕ್ಷಾಂಶದ ಡಿಗ್ರಿಯ ಕೊಸೈನ್‌ನಿಂದ (ಕ್ಯಾಲ್ಕುಲೇಟರ್‌ನ cos ಗುಂಡಿ) 40,075ನ್ನು ಗುಣಿಸಿ, ಹೆಚ್ಚುಕಡಿಮೆ ಸರಿಯಾದ ಉತ್ತರ ಸಿಗುತ್ತದೆ.

ಇನ್ನೊಂದು ಮಾತು, ಇದು ನನಗೆ ತುಂಬಾ ಇಷ್ಟ. ಭೂಮಿ ಒಂದು ಸುತ್ತು ತಿರುಗಲು ಎಲ್ಲ ಕಡೆಯೂ ಅಷ್ಟೇ ಸಮಯ. ಆದರೆ ಸಮಭಾಜಕದ ಮೇಲೆ ಸುಮ್ನೆ ನಿಂತವರು ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಸಾಗುತ್ತಿರುತ್ತಾರೆ, 60 ಡಿಗ್ರಿಯಲ್ಲಿ ನಿಂತವರು ಅದರ ಅರ್ಧ ವೇಗದಲ್ಲಿ.